ಮೊಳೆಗೆ ತೂಗಿದ ಚೀಲ

ಆರನೆಯ ಪೊಟ್ಟಣದ ಬಾಯಿಗೆ ಅನ್ನದ ಗಂಜಿ ಸವರಿ, ಮಡಿಚಿ, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದ. ಇನ್ನು ಮೂರು. ಅಡುಗೆಮನೆಯ ಮೇಜಿನ ಮೇಲೆ ಅಕ್ಕಿಹಿಟ್ಟಿನ ಪುಟ್ಟ ಗುಡ್ಡೆ, ಅದಕ್ಕೆ ಕಂದು ಬಣ್ಣ ಬರಲೆಂದು ಬೆರೆಸಿದ ಅತಿಮಧುರದ ಪುಡಿ, ಅಂಗಡಿಯಿಂದ ತಂದ ಅಪ್ಪನ ಚಿಕ್ಕ ತಕ್ಕಡಿ. ಹೊರಗೆ ಅಕ್ಟೋಬರಿನ ಗಾಳಿ ಸಮುದ್ರದ ಮರಳನ್ನು ಹೊತ್ತು ತಂದು ಓಣಿಯ ಇಟ್ಟಿಗೆಗೋಡೆಗಳಿಗೆ ಎರಚುತ್ತಿತ್ತು. ಬಾಗಿಲ ಸಂದಿಯಿಂದ ಒಂದೆಳೆ ಗಾಳಿ ಒಳಗೆ ಬಂದರೂ ಹಿಟ್ಟು ಹಾರಿಹೋಗುತ್ತದೆಂದು ಬೂನ್‌ಕಿ ಬಾಗಿಲಿಗೆ ಬೆನ್ನು ಅಡ್ಡಕೊಟ್ಟು ಕೂತಿದ್ದ. ಕಾಗದದ ಮೇಲೆ ಬೀಸಣಿಗೆ ಹಿಡಿದ ಜಪಾನಿ ಹೆಂಗಸಿನ ಚಿತ್ರ. ಒಂಬತ್ತು ಕಾಗದಗಳಲ್ಲೂ ಅದೇ ಹೆಂಗಸು, ಅದೇ ನಗು. ಇವಿಷ್ಟೂ ಹೆಂಡತಿ ಚಾಯ್‌ಹೊಂಗಳ ಹೊಲಿಗೆ ಪೆಟ್ಟಿಗೆಯಲ್ಲಿ, ದಾರದ ಉಂಡೆಗಳ ಕೆಳಗೆ, ಸುಕ್ಕಿಲ್ಲದೆ ಒಂದರ ಮೇಲೊಂದು ಕೂತಿದ್ದವು. ಖಾಲಿಯಾದ ಔಷಧಿಯ ಕಾಗದವನ್ನು ಯಾರಾದರೂ ಯಾಕೆ ಎತ್ತಿಡುತ್ತಾರೆ? ಚಿತ್ರ ಚೆನ್ನಾಗಿದೆ ಅಂತ ಇರಬಹುದು. ಸೂಜಿ ಸುತ್ತಿಡಲಿಕ್ಕೆ ಇರಬಹುದು. ಅಥವಾ ಯಾರದೋ ಪತ್ರಗಳನ್ನು ಎತ್ತಿಡುವ ಹಾಗೆ. ಅವಳಿಗೆ ಓದು ಬರದು. ಬರುತ್ತಿದ್ದರೆ ಪತ್ರಗಳೇ ಇರುತ್ತಿದ್ದವೇನೋ ಎಂದುಕೊಂಡು ಏಳನೆಯದಕ್ಕೆ ಹಿಟ್ಟು ತುಂಬಿದ.

ಔಷಧಿ ಹೊತ್ತು ತಿರುಗುವ ಕಾಂಗ್‌ಸಾನ್ ಇವತ್ತು ಬರುತ್ತಾನೆ. ನಿನ್ನೆ ಹಿಂದಿನ ಓಣಿ ಮುಗಿಸಿದನಂತೆ. ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ, ಈ ಗಾಳಿ ಎದ್ದಾಗೊಮ್ಮೆ, ಸೈಕಲ್ಲಿನ ಹಿಂದೆ ಐದು ಅಂತಸ್ತಿನ ಬೆತ್ತದ ಪೆಟ್ಟಿಗೆ ಕಟ್ಟಿಕೊಂಡು ಅವನು ಈ ಲೋಕ್‌ಕಾಂಗ್ ಊರಿಗೆ ಬರುತ್ತಾನೆ. ಮನೆಮನೆಯಲ್ಲೂ ಜಪಾನಿ ಕಂಪನಿಯ ಕೆಂಪಕ್ಷರದ ದಪ್ಪ ಕಾಗದದ ಚೀಲವೊಂದನ್ನು ಮೊಳೆಗೆ ತೂಗಿಹಾಕಿ ಹೋಗುತ್ತಾನೆ. ಬೇಕಾದಾಗ ತೆಗೆದುಕೊಳ್ಳಿ, ಆಮೇಲೆ ಕೊಡಿ. ಮುಂದಿನ ಸಲ ಬಂದವನು ಚೀಲವನ್ನು ಮೇಜಿನ ಮೇಲೆ ಸುರಿದು ಏನು ಉಳಿದಿದೆ ಎಂದು ನೋಡುತ್ತಾನೆ. ಏನು ಉಳಿದಿಲ್ಲ ಎನ್ನುವುದರಿಂದ ಆ ಮನೆಯ ಆರು ತಿಂಗಳು ಅವನಿಗೆ ಗೊತ್ತಾಗಿಬಿಡುತ್ತದೆ: ಯಾರ ಹೊಟ್ಟೆ ಕೆಟ್ಟಿತು, ಯಾರು ಕೆಮ್ಮಿದರು, ಯಾರ ತಲೆ ಸಿಡಿಯಿತು. ನಾಡಿ ಹಿಡಿಯಬೇಕಾಗಿಲ್ಲ, ನಾಲಗೆ ತೋರಿಸು ಎನ್ನಬೇಕಾಗಿಲ್ಲ. ಮೊದಲು ಬಟ್ಟೆ ಮಾರುತ್ತಿದ್ದ ಮನುಷ್ಯ. ಈಗಲೂ ಎದುರಿಗಿದ್ದವರನ್ನು ಮೊಳ ಹಾಕುವವನ ಹಾಗೆ ಭುಜದಿಂದ ಭುಜಕ್ಕೆ ನೋಡುತ್ತಾನೆ. ಕಳೆದ ವಸಂತದಲ್ಲಿ ನಡುಮನೆಯ ಮೇಜಿನ ಮೇಲೆ ಚೀಲ ಸುರಿದು, ಬೆರಳಿನಿಂದ ಪೊಟ್ಟಣಗಳನ್ನು ಸರಿಸುತ್ತಾ, ಅವನು ಚಾಯ್‌ಹೊಂಗಳನ್ನು ಕೇಳಿದ್ದು ಪರದೆಯಾಚೆ ಅಂಗಡಿಯಲ್ಲಿ ಬೇರು ಕತ್ತರಿಸುತ್ತಿದ್ದ ಬೂನ್‌ಕಿಗೆ ಸ್ಪಷ್ಟವಾಗಿ ಕೇಳಿಸಿತ್ತು.

“ಹೆಂಗಸರ ಪುಡಿ, ತಿಂಗಳ ನೋವಿಂದು, ಏಳು ಹೋಗಿದೆಯಲ್ಲ ತಂಗ್ಯಮ್ಮಾ. ಬೆನ್ನು ಇನ್ನೂ ಹಿಡ್ಕೊಳತ್ತಾ?”

“ಈಗ ಬೆನ್ನಲ್ಲ. ಕೆಳಗೆ. ಎಡಗಡೆ.”

“ರಾತ್ರಿ ಜಾಸ್ತೀನಾ, ಹಗಲು ಜಾಸ್ತೀನಾ?”

“ಬೆಳಗಿನ ಜಾವ. ಎದ್ದು ಕೂತ್ರೆ ಸ್ವಲ್ಪ ಕಮ್ಮಿ.”

ಎದ್ದು ಕೂತರೆ. ಯಾವ ಬೆಳಗಿನ ಜಾವ ಅವಳು ಎದ್ದು ಕೂತಿದ್ದಳು? ಅದೇ ಹಾಸಿಗೆಯಲ್ಲಿ, ಒಂದು ಗೇಣು ಆಚೆ, ಅವನು ಮಲಗಿದ್ದ. ಎಡಗಡೆ ಎಂಬ ಮಾತು ಅವನ ಕಿವಿಗೆ ಬಿದ್ದದ್ದು ಪರಗಂಡಸೊಬ್ಬ ಕೇಳಿದ್ದಕ್ಕೆ ಉತ್ತರವಾಗಿ. ಕತ್ತರಿಸುವ ಅಲಗನ್ನು ಎತ್ತಿದವನು ಇಳಿಸುವುದನ್ನು ಮರೆತು ನಿಂತಿದ್ದ. ಅವಳ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ದೂರೂ ಇರಲಿಲ್ಲ. ತರಕಾರಿಯವನಿಗೆ ಹುಳುಕು ತೋರಿಸುವ ಹಾಗೆ ತನ್ನ ಮೈಯನ್ನು ಅವನಿಗೆ ತೋರಿಸಿಕೊಟ್ಟಿದ್ದಳು. ಆ ದಿನದಿಂದ ಅವನು ರಾತ್ರಿ ಅವಳ ಎಡಗಡೆಗೆ ತಿರುಗಿ ಮಲಗುತ್ತಾನೆ, ಕಾಯುತ್ತಾನೆ, ನಿದ್ದೆ ಹೋಗಿಬಿಡುತ್ತಾನೆ. ಬೆಳಿಗ್ಗೆ ಎದ್ದರೆ ಅವಳ ಜಾಗ ತಣ್ಣಗಿರುತ್ತದೆ. ನಿನ್ನೆ ಅವಳು ಬಾವಿಗೆ ಹೋದಾಗ ಚೀಲದಲ್ಲಿ ಕೈಹಾಕಿ ನೋಡಿದ್ದ. ಹತ್ತರಲ್ಲಿ ಉಳಿದದ್ದು ಒಂದೇ ಒಂದು. ಹಾಗಾದರೆ ಈ ಸಲ ಒಂಬತ್ತು. ಒಂಬತ್ತರ ಬಗ್ಗೆ ಕಾಂಗ್‌ಸಾನ್ ಎಷ್ಟು ಪ್ರಶ್ನೆ ಕೇಳಬಹುದು, ಅವಳು ಎಷ್ಟು ಉತ್ತರ ಕೊಡಬಹುದು ಎಂದು ಯೋಚಿಸುತ್ತಾ ರಾತ್ರಿ ಕಳೆದಿದ್ದ. ಇಲ್ಲ, ಅವನಿಗೆ ಕೇಳಲಿಕ್ಕೆ ಏನೂ ಸಿಗಬಾರದು. ಚೀಲ ತುಂಬಿರಬೇಕು. ಈ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ.

ಒಂಬತ್ತನೆಯದನ್ನು ಅಂಟಿಸುವಾಗ ಓಣಿಯ ಕಲ್ಲಿನ ಮೇಲೆ ಅವಳ ಮರದ ಚಪ್ಪಲಿಯ ಸದ್ದು ಕೇಳಿತು. ಉಳಿದಿದ್ದ ನಿಜವಾದ ಒಂದನ್ನು ತಳಕ್ಕೆ ಹಾಕಿ, ತನ್ನವನ್ನು ಮೇಲೆ ಜೋಡಿಸಿ, ಚೀಲವನ್ನು ಮೊಳೆಗೆ ತೂಗಿ, ತೋಳಿನಿಂದ ಮೇಜು ಒರೆಸಿ, ತಕ್ಕಡಿಯನ್ನು ಎದೆಗವಚಿಕೊಂಡು ಅಂಗಡಿಗೆ ದಾಟಿದ. ಬಿದಿರಿನ ಪರದೆ ಅವನ ಹಿಂದೆ ಕಡಕಡ ಅಲ್ಲಾಡಿ ನಿಂತಿತು.

ಸಿಂಪಿಯ ಬುಟ್ಟಿಯನ್ನು ಅವಳು ಇಳಿಸಿದ ರೀತಿಯಲ್ಲೇ ನೋವು ಎದ್ದಿದೆ ಎಂದು ಗೊತ್ತಾಯಿತು. ಇಳಿಸಲಿಲ್ಲ, ಕೈಬಿಟ್ಟಳು. ಪರದೆಯ ಸಂದಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಒಂದು ಕೈ ಮೇಜಿನ ಅಂಚಿನ ಮೇಲೆ, ಇನ್ನೊಂದು ಕೈ ಎಲ್ಲಿತ್ತೋ ಕಾಣುತ್ತಿರಲಿಲ್ಲ. ಎಡಗಡೆ ಇರಬೇಕು. ನಡುಮನೆಯಲ್ಲಿ ಪೂರ್ವಜರ ಪೂಜೆಯಲ್ಲಿ ಸುಡಲೆಂದು ಬಂಗಾರದ ಕಾಗದ ಮಡಿಸುತ್ತಿದ್ದ ಅಮ್ಮ ಕೂತಲ್ಲಿಂದಲೇ ಕೂಗಿದಳು.

“ಏನೇ, ಮತ್ತೆ ಬಂತಾ?”

“ಗಾಳಿಗೆ, ಅತ್ತೆ.”

“ಗಾಳಿ ಎಲ್ಲರಿಗೂ ಬೀಸತ್ತೆ, ನಿನಗೆ ಮಾತ್ರ ಹೊಟ್ಟೆಯೊಳಗೆ ಹೋಗತ್ತೆ ನೋಡು. ಚೀಲದಲ್ಲಿ ತಗೋ. ನಿನ್ನ ಮಾವ ಇದ್ದಿದ್ರೆ ಆ ಚೀಲವನ್ನ ಒಲೆಗೆ ಹಾಕಿರ್ತಿದ್ರು. ಆದ್ರೂ ಹೇಳ್ತೀನಿ, ಆ ಹಲ್ಲುನೋವಿನ ಎಣ್ಣೆ ಮಾತ್ರ ಭಾಳ ಚೆನ್ನಾಗಿದೆ.”

ತಡೆಯಬಹುದಿತ್ತು. ಪರದೆ ಸರಿಸಿ, ಅದು ಬೇಡ, ಅದು ಹಿಟ್ಟು ಎಂದರೆ ಮುಗಿಯುತ್ತಿತ್ತು. ಅವಳು ಚೀಲದೊಳಗೆ ಕೈಹಾಕಿದಳು. ಹಾಕಿದ ಕೈ ಒಂದು ಗಳಿಗೆ ಅಲ್ಲೇ ನಿಂತಿತು; ನೋವಿನ ಅಲೆ ಬಂದಿರಬೇಕು ಎಂದುಕೊಂಡ. ಆಮೇಲೆ ಒಂದು ಪೊಟ್ಟಣ ತೆಗೆದು, ಬಾಯಿ ಹರಿದು, ತಲೆ ಹಿಂದಕ್ಕೆ ಹಾಕಿ ನಾಲಗೆಯ ಮೇಲೆ ಸುರಿದುಕೊಂಡಳು. ಅವಳ ಗಂಟಲು ಒಂದು ಸಲ ಏರಿ ಇಳಿಯಿತು. ಮೇಲಿನದು, ಅವನದು. ಅವನ ಕೈಯಲ್ಲಿ ಕಲಸಿದ್ದು ಮೂರು ವರ್ಷದ ಮೇಲೆ ಅವಳ ಗಂಟಲಲ್ಲಿ ಇಳಿದಿತ್ತು. ಆ ಭಯದ ಮಧ್ಯದಲ್ಲೂ ಅವನಿಗೆ ಅದು ಹಿತವೆನಿಸಿತು, ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಅವಳು ಖಾಲಿ ಕಾಗದವನ್ನು ನೀವಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗುವ ಕೋಣೆಗೆ ಹೋದಳು. ಅಲ್ಲಿ ಮಂಚದ ಕಂಬಕ್ಕೆ ಒಂದು ಕಾಗದದ ಬುಗ್ಗೆ ತೂಗುತ್ತದೆ, ಚೌಕದ್ದು, ನಾಲ್ಕು ಬಣ್ಣದ್ದು, ಊದಿದರೆ ಉಬ್ಬುವಂಥದ್ದು. ಮಕ್ಕಳಿರುವ ಮನೆಗಳಿಗೆ ಕಾಂಗ್‌ಸಾನ್ ಕೊಡುವ ಉಡುಗೊರೆ. ಮೊದಲನೇ ಸಲ ಈ ಮನೆಗೆ ಬಂದಾಗ ಸುತ್ತ ನೋಡಿ, ಮಕ್ಕಳಿಲ್ಲ ಎಂದು ತಿಳಿದು, ಆದರೂ ಒಂದು ಕೊಟ್ಟಿದ್ದ. “ಇರಲಿ ತಂಗ್ಯಮ್ಮಾ, ಮುಂದಿನ ಸಲಕ್ಕೆ.” ಅವಳು ಅದನ್ನು ತಾನೇ ಊದಿದಳು. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಅರಳಿಸಿಕೊಂಡು. ಮದುವೆಯಾದ ಮೇಲೆ ಅವನು ನೋಡದ ಮುಖ ಅದು. ಈಗ ಬಣ್ಣ ಮಾಸಿ, ಒಂದು ಮೂಲೆ ಕುಗ್ಗಿದೆ. ಬಿಸಾಕು ಎಂದು ಹೇಳಲಿಕ್ಕೆ ಅವನು ಎಷ್ಟು ಸಲ ಬಾಯಿ ತೆಗೆದಿಲ್ಲ? ಅಡುಗೆಮನೆಯ ಗೋಡೆಯ ಮೇಲಿನ ಆ ಹಾಳೆಯನ್ನೂ. ಯಾವ ತಿಂಡಿಯ ಜೊತೆ ಯಾವುದನ್ನು ತಿನ್ನಬಾರದು ಎಂದು ಚಿತ್ರ ಸಮೇತ ಅಚ್ಚು ಮಾಡಿದ್ದು, ಅದೂ ಕಾಂಗ್‌ಸಾನ್ ಕೊಟ್ಟದ್ದೇ. ಏಡಿಯ ಪಕ್ಕ ಪರ್ಸಿಮನ್ ಹಣ್ಣು, ಹಾವುಮೀನಿನ ಪಕ್ಕ ಉಪ್ಪು ಹಾಕಿದ ಪ್ಲಮ್. ಅತ್ತೆ ಸೊಸೆ ಇಬ್ಬರೂ ದೇವರ ಆಣೆ ಪಾಲಿಸುವ ಹಾಗೆ ಪಾಲಿಸುತ್ತಾರೆ. ಕಳೆದ ವರ್ಷ ಇದೇ ದಿನಗಳಲ್ಲಿ ಅವನು ಆಸೆಪಟ್ಟು ಪರ್ಸಿಮನ್ ತಂದಿದ್ದ. ಅವತ್ತು ಏಡಿ ಮಾಡಿದ್ದಳು. ಹಣ್ಣು ಬುಟ್ಟಿಯಲ್ಲೇ ಕೊಳೆಯಿತು. “ಕಾಂಗ್‌ಸಾನ್ ಹೇಳಿದಾರೆ,” ಎಂದಳು. ಬೂನ್‌ಕಿಯ ಅಪ್ಪ ನಲವತ್ತು ವರ್ಷ ಈ ಊರಿನ ಜನ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಿದ ಮನೆಯಲ್ಲಿ.

ಅಪ್ಪನಿಗೆ ನಾಡಿ ನೋಡಲು ಜಪಾನಿ ಸರ್ಕಾರದ ಪರವಾನಗಿ ಕಾಗದವಿತ್ತು. ಅವರು ಸತ್ತ ವಾರದಲ್ಲೇ ಠಾಣೆಯವರು ಬಂದು ಅದನ್ನು ಒಯ್ದರು. ಮಗನಿಗೆ ಸಿಕ್ಕಿದ್ದು ಬೇರು ನಾರು ಮಾರುವ ಕಾಗದ. ಕೇಳಿದ್ದನ್ನು ತೂಗಿ ಕೊಡಬಹುದು, ಯಾಕೆ ಬೇಕು ಎಂದು ಕೇಳಬಾರದು. ಗಿರಾಕಿಗಳು ಈಗಲೂ ಮರೆತು ಕಟ್ಟೆಯ ಮೇಲೆ ಅಂಗೈ ಮೇಲೆ ಮಾಡಿ ಕೈಯಿಡುತ್ತಾರೆ. ಅವನು ಬೀದಿಯ ಕಡೆ ನೋಡಿ ತಲೆಯಾಡಿಸುತ್ತಾನೆ, ಅವರು ಕೈ ತೆಗೆಯುತ್ತಾರೆ. ಹನ್ನೆರಡು ವರ್ಷ ಅಪ್ಪನ ಪಕ್ಕ ಕೂತು ಕಲಿತ ಮೂರು ಬೆರಳುಗಳು. ಮದುವೆಯಾದಾಗ ಸರ್ಕಾರ ಅವನಿಗೆ ಬಿಟ್ಟಿದ್ದ ಒಂದೇ ಕೈ ಚಾಯ್‌ಹೊಂಗಳದ್ದು. ಊಟವಾದ ಮೇಲೆ ಅವಳು ಅಪ್ಪನ ನಾಡಿದಿಂಬಿನ ಮೇಲೆ ಮಣಿಕಟ್ಟು ಇಟ್ಟು ಕೂರುತ್ತಿದ್ದಳು, ನಗು ತಡೆದುಕೊಂಡು. ಸಾವಿರಾರು ಮಣಿಕಟ್ಟುಗಳ ಭಾರಕ್ಕೆ ನಡುವೆ ತಗ್ಗು ಬಿದ್ದ ಸಣ್ಣ ನೀಲಿ ದಿಂಬು. “ಏನು ಹೇಳತ್ತೆ?” ಎನ್ನುತ್ತಿದ್ದಳು. “ಇವತ್ತು ಯಾರ ಮೇಲೋ ಸಿಟ್ಟು ಬಂದಿದೆ ಅನ್ನತ್ತೆ.” “ಯಾರ ಮೇಲೆ ಅಂತ ಹೇಳಲ್ವಾ? ಹಾಗಾದ್ರೆ ಅರ್ಧ ಕಲಿತಿದೀರಿ.” ಆ ನಗು. ಮತ್ತೆ ಎರಡನೇ ವರ್ಷದ ಆ ಚಳಿಗಾಲ. ತಿಂಗಳು ದಾಟಿತ್ತು, ಇನ್ನೂ ಹದಿನೈದು ದಿನ ದಾಟಿತ್ತು. ತಟ್ಟೆಯಲ್ಲಿ ಉರುಳುವ ಮುತ್ತಿನ ಹಾಗೆ ಇರಬೇಕು ನಾಡಿ, ಬಸಿರಿದ್ದರೆ. ಅವನು ಒತ್ತಿ ನೋಡಿದ, ಸಡಿಲಿಸಿ ನೋಡಿದ. ಮುತ್ತು ಇರಲಿಲ್ಲ. ಗರ್ಭದಲ್ಲಿ ಚಳಿ ಕೂತಿದೆ, ರಕ್ತ ಕಟ್ಟಿದೆ ಎಂದ, ಅಪ್ಪನದೇ ಗಂಟಲಿನಲ್ಲಿ. ಕುಸುಬೆ ಹೂವು, ಪೀಚ್ ಬೀಜದ ತಿರುಳು, ದಾಲ್ಚಿನ್ನಿಯ ಕಡ್ಡಿ, ಕಟ್ಟಿದ ರಕ್ತವನ್ನು ಇಳಿಸುವಂಥವು. ಮೂರು ಬಟ್ಟಲು. ಮೂರನೆಯ ದಿನ ಅವಳು ಕೊಟ್ಟಿಗೆಯ ಬಕೆಟ್ಟಿನ ಪಕ್ಕ ಕೂತೇ ಇದ್ದಳು, ಕರೆದರೂ ಏಳಲಿಲ್ಲ. ಒಗೆಯುವ ತೊಟ್ಟಿ ಎತ್ತಿದ್ದಕ್ಕೇ ಹೀಗಾಯ್ತು ಎಂದಳು ಅಮ್ಮ. ಹೌದು ಎಂದಳು ಅವಳು. ಅವನೂ ಹೌದು ಎಂದ. ಆಮೇಲೆ ಅವಳು ದಿಂಬಿನ ಮೇಲೆ ಕೈಯಿಡಲಿಲ್ಲ. ಕಷಾಯದ ವಾಸನೆಗೆ ವಾಕರಿಕೆ ಬರುತ್ತದೆ ಎಂದಳು. ಮಲಗುವಾಗ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಮಲಗತೊಡಗಿದಳು, ಬೇಸಿಗೆಯಲ್ಲೂ. ಮರುವಸಂತದಲ್ಲಿ ಕಾಂಗ್‌ಸಾನ್ ಬಾಗಿಲಲ್ಲಿ ನಿಂತು, ಒಂದು ಚೀಲ ಬಿಟ್ಟುಹೋಗಲಾ ಎಂದಾಗ, ಅವನ ಮುಖವನ್ನೂ ನೋಡದೆ, “ಬಿಟ್ಟುಹೋಗಿ,” ಎಂದವಳು ಅವಳೇ.

ಒಂದು ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತಾಗಿರಬಹುದು. ಬೂನ್‌ಕಿ ಅದೇ ಬೇರನ್ನು ಅಗತ್ಯಕ್ಕಿಂತ ತೆಳ್ಳಗೆ ಕತ್ತರಿಸುತ್ತಿದ್ದ. ಹೋಗಿ ಹೇಳಿಬಿಡುತ್ತೇನೆ ಎಂದು ಎರಡು ಸಲ ಎದ್ದು ಪರದೆಯವರೆಗೆ ಹೋಗಿ ನಿಂತ. ಮೂರನೆಯ ಸಲ ನಿಂತಾಗ ಅವಳು ಕೋಣೆಯಿಂದ ಹೊರಬಂದಳು. ಕೂದಲು ಬಾಚಿ ಗಂಟು ಹಾಕಿಕೊಂಡಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು. ಸಿಂಪಿಯ ಬುಟ್ಟಿಯ ಮುಂದೆ ಕೂತು ಚಾಕು ಕೈಗೆ ತೆಗೆದುಕೊಂಡು, ಮೊದಲನೆಯ ಚಿಪ್ಪನ್ನು ಬಾಯಿ ಬಿಡಿಸುತ್ತಾ, ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಈ ಸಲದ್ದು ಬೇಗ ಹಿಡೀತು, ಅತ್ತೆ.”

“ನೋಡಿದ್ಯಾ? ಅದಕ್ಕೇ ಕಂಪನಿ ಔಷಧಿ ಅನ್ನೋದು. ಬರಲಿ ಕಾಂಗ್‌ಸಾನ್, ಒಂದು ಬಟ್ಟಲು ಸಿಂಪಿ ಗಂಜಿ ಕುಡಿಸಿ ಕಳಿಸು.”

ಹಿಟ್ಟು! ಅವನ ಅಕ್ಕಿಹಿಟ್ಟು ಅವಳನ್ನು ಎಬ್ಬಿಸಿ ಕೂರಿಸಿತ್ತು. ಮೂರು ವರ್ಷದಿಂದ ಬತ್ತಿದ್ದ ಏನೋ ಎದೆಯಲ್ಲಿ ಉಕ್ಕಿತು. ಒಳಗೆ ನುಗ್ಗಿ, ನನ್ನದು, ನನ್ನ ಕೈಯದು ಎಂದು ಕೂಗಬೇಕೆನಿಸಿತು. ಮರುಕ್ಷಣವೇ ಅದು ಹುಳಿಯಾಯಿತು. ಅವಳಿಗೆ ಹಿಡಿದದ್ದು ಹಿಟ್ಟಲ್ಲ. ಬೀಸಣಿಗೆಯ ಹೆಂಗಸಿನ ಚಿತ್ರ ಹಿಡಿದಿದೆ, ಕೆಂಪಕ್ಷರ ಹಿಡಿದಿದೆ, ತಂಗ್ಯಮ್ಮಾ ಎಂಬ ದನಿ ಹಿಡಿದಿದೆ. ಇದೇ ಹಿಟ್ಟನ್ನು ಅವನು ಅಂಗೈಯಲ್ಲಿ ಹಿಡಿದು ಕೊಟ್ಟಿದ್ದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅಂದರೆ ಅವನು ಕಷ್ಟಪಟ್ಟು, ತಕ್ಕಡಿಯಲ್ಲಿ ತೂಗಿ, ಗಂಜಿ ಹಚ್ಚಿ, ಕಾಂಗ್‌ಸಾನ್‌ಗೆ ಇನ್ನೊಂದು ಗೆಲುವು ಕಟ್ಟಿಕೊಟ್ಟ. ತನ್ನ ಹಿಟ್ಟಿನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಗಂಡಸು ಈ ಊರಲ್ಲಿ ಇನ್ನೊಬ್ಬನಿದ್ದಾನೆಯೇ?

ಮಧ್ಯಾಹ್ನದ ಗಂಜಿ ಮುಗಿಯುವ ಹೊತ್ತಿಗೆ ಕಾಂಗ್‌ಸಾನ್ ಬಂದ. ಸೈಕಲ್ಲನ್ನು ಅಂಗಡಿಯ ಕಂಬಕ್ಕೆ ಒರಗಿಸಿ, ಟೋಪಿ ತೆಗೆದು ಮರಳು ಕೊಡವಿದ.

“ಯಜಮಾನ್ರೇ, ನಾನು ಬಂದಿದ್ದಲ್ಲ, ಗಾಳಿ ತಂದುಹಾಕ್ತು. ಹಲ್ಲಲ್ಲೆಲ್ಲ ಮರಳು. ವ್ಯಾಪಾರ ಹೇಗೆ?”

“ನಡೀತಾ ಇದೆ.”

“ನಿಮ್ಮ ವ್ಯಾಪಾರ ಯಾವತ್ತೂ ಬೀಳಲ್ಲ ಬಿಡಿ. ಬೇರು ಮಣ್ಣಲ್ಲಿರತ್ತೆ. ನಮ್ಮದು ಕಾಗದ, ಹಾರಿಹೋಗತ್ತೆ.” ಪರದೆ ಸರಿಸಿಕೊಂಡು ಒಳಗೆ ನಡೆದ, ತನ್ನ ಮನೆಗೆ ಹೋಗುವವನ ಹಾಗೆ. “ಅಜ್ಜೀ! ಹಲ್ಲು ಎಷ್ಟು ಉಳ್ಕೊಂಡಿವೆ?”

“ನಿನ್ನ ಕಚ್ಚಕ್ಕೆ ಸಾಕಾಗೋಷ್ಟು.”

ಈ ಸಲ ಬೂನ್‌ಕಿ ಪರದೆಯಾಚೆ ನಿಲ್ಲಲಿಲ್ಲ. ಒಳಗೆ ಬಂದು ಅಪ್ಪನ ಕುರ್ಚಿಯಲ್ಲಿ ಕೂತ. ಕಾಂಗ್‌ಸಾನ್ ಸೋಲುವುದನ್ನು ಕಣ್ಣಾರೆ ನೋಡಬೇಕಿತ್ತು. ಚಾಯ್‌ಹೊಂಗ್ ಮೊಳೆಯಿಂದ ಚೀಲ ತೆಗೆದು ತಂದು ಮೇಜಿನ ಮೇಲಿಟ್ಟಳು, ಗಂಡನ ಕಡೆ ನೋಡದೆ, ಸ್ವಲ್ಪ ದೂರ ಸರಿದು ಕೈಕಟ್ಟಿ ನಿಂತಳು. ಕಾಂಗ್‌ಸಾನ್ ಚೀಲ ಸುರಿದ. ಹಲ್ಲಿನ ಎಣ್ಣೆ ಖಾಲಿ, ಅದು ಅಜ್ಜಿಯದು. ಹೊಟ್ಟೆಯ ಮಾತ್ರೆ ಅರ್ಧ. ತಲೆನೋವಿನದು ಎರಡು. ಆಮೇಲೆ ಅವನ ಬೆರಳು ಹೆಂಗಸರ ಪುಡಿಯ ಪೊಟ್ಟಣಗಳ ಮೇಲೆ ಬಂತು, ಒಂದೊಂದಾಗಿ ಸರಿಸಿತು, ಮತ್ತೆ ಮೊದಲಿಂದ ಸರಿಸಿತು.

“ಒಂಬತ್ತಿದೆ.” ತಲೆಯೆತ್ತಿದ. “ಹತ್ತರಲ್ಲಿ ಒಂದೇ ಒಂದು ತಗೊಂಡಿದೀಯಾ?”

ಬೂನ್‌ಕಿ ಗೆಲುವಿನಿಂದ ಕುರ್ಚಿಯ ತುದಿಗೆ ಸರಿದ. ಕೇಳು ನೋಡೋಣ. ಏನು ಕೇಳುತ್ತೀ ಈಗ?

ಕಾಂಗ್‌ಸಾನ್‌ನ ಮುಖ ನಿಧಾನವಾಗಿ ಅರಳಿತು. ಅದು ವ್ಯಾಪಾರ ಕೆಟ್ಟವನ ಮುಖವಲ್ಲ ಎಂದು ಬೂನ್‌ಕಿಗೆ ತಿಳಿಯುವಷ್ಟರಲ್ಲಿ ಅವನು ಮೇಜು ಗುದ್ದಿ ಎದ್ದಿದ್ದ.

“ಮೊದಲ ತಿಂಗಳು ಒಂದು. ಆಮೇಲೆ ಬೇಕೇ ಆಗಿಲ್ಲ! ತಂಗ್ಯಮ್ಮಾ, ಹದಿನಾಲ್ಕು ವರ್ಷದಿಂದ ಚೀಲ ನೋಡ್ತಾ ಇದೀನಿ. ತಿಂಗಳು ತಿಂಗಳು ತಗೊಳೋ ಮನೇಲಿ ಈ ಪುಡಿ ಹೀಗೆ ನಿಂತುಹೋಯ್ತು ಅಂದ್ರೆ ಒಂದೇ ಅರ್ಥ. ಹೊಟ್ಟೆ ಇನ್ನೂ ಕಾಣ್ತಾ ಇಲ್ಲ, ಬಟ್ಟೆ ಸಡಿಲ ಹಾಕ್ಕೊಂಡಿದೀಯಾ, ಜಾಣೆ. ಎಷ್ಟು ತಿಂಗಳಾಯ್ತು, ಐದಾ?” ಬೆತ್ತದ ಪೆಟ್ಟಿಗೆಯ ಮೇಲಿನ ಅಂತಸ್ತು ತೆರೆದು, ಚಪ್ಪಟೆಯಾಗಿ ಮಡಿಸಿದ ಹೊಸ ಕಾಗದದ ಬುಗ್ಗೆಯೊಂದನ್ನು ತೆಗೆದು ಅವಳ ಕೈಯಲ್ಲಿಟ್ಟ. “ಅವತ್ತೇ ಹೇಳಿರಲಿಲ್ವಾ, ಮುಂದಿನ ಸಲಕ್ಕೆ ಅಂತ? ಸಲ ಸ್ವಲ್ಪ ತಡ ಆಯ್ತು ಅಷ್ಟೆ.”

ಅಮ್ಮನ ಮಡಿಲಿನಿಂದ ಬಂಗಾರದ ಕಾಗದವೆಲ್ಲ ನೆಲಕ್ಕೆ ಬಿತ್ತು. “ಅಯ್ಯೋ ನನ್ನ ತಾಯಿ! ನನಗೊಂದು ಮಾತು ಹೇಳಬಾರದಿತ್ತೇನೇ? ಬೆಳಿಗ್ಗೆ ಬುಟ್ಟಿ ಹೊತ್ಕೊಂಡು ಬಂದ್ಯಲ್ಲೇ, ಪಾಪಿ!” ಎದ್ದು, ಎಡವಿ, ಗೋಡೆ ಹಿಡಿದುಕೊಂಡು ಪೂಜೆಯ ಮೇಜಿನ ಮುಂದೆ ಹೋಗಿ ನಿಂತಳು, ಊದುಬತ್ತಿಗೆ ಕಡ್ಡಿ ಗೀರಿದಳು. “ಕೇಳಿಸ್ತೇನ್ರೀ? ಕೇಳಿಸ್ಕೊಳಿ. ಬರ್ತಾ ಇದೆ. ನಿಮ್ಮ ಮನೆಗೆ ಬರ್ತಾ ಇದೆ.”

ಅಪ್ಪನ ಹೆಸರು ಕೆತ್ತಿದ ಮರದ ಹಲಗೆಯ ಮುಂದೆ ಹೊಗೆ ಎದ್ದಿತು. ಚಾಯ್‌ಹೊಂಗ್ ಆಗ ಮೊದಲ ಬಾರಿಗೆ ಗಂಡನ ಕಡೆ ತಿರುಗಿದಳು. ಸಿಟ್ಟಿನ ಕಣ್ಣಲ್ಲ. ಕಟ್ಟೆಯ ಮೇಲೆ ಕೈಯಿಟ್ಟು, ಏನಾಗಿದೆ ಹೇಳಿ ಎಂದು ಕಾಯುವ ಗಿರಾಕಿಯ ಕಣ್ಣು. ಆ ಚಳಿಗಾಲದಲ್ಲೂ ಹೀಗೇ ಕಾದಿದ್ದಳು. ಅವತ್ತು ಇದ್ದದ್ದನ್ನು ಇಲ್ಲ ಎಂದಿದ್ದ. ಇವತ್ತು ಇಲ್ಲದ್ದನ್ನು ಇದೆ ಎಂದು ಒಂಬತ್ತು ಪೊಟ್ಟಣಗಳಲ್ಲಿ ಬರೆದು ಗೋಡೆಗೆ ತೂಗಿಹಾಕಿದ್ದಾನೆ. ಬಾಯಿ ತೆರೆದ.

“ಇಲ್ಲ ಅತ್ತೆ,” ಅಂದಳು ಅವಳು. “ಊದುಬತ್ತಿ ಆರಿಸಿ. ಏನೂ ಇಲ್ಲ.”

“ಇಲ್ಲ ಅಂದ್ರೆ? ಚೀಲ ಸುಳ್ಳು ಹೇಳತ್ತೇನೇ?”

ಕಾಂಗ್‌ಸಾನ್ ಅಷ್ಟರಲ್ಲಿ ಒಂದು ಪೊಟ್ಟಣ ಕೈಗೆ ತೆಗೆದುಕೊಂಡಿದ್ದ. ಹೆಬ್ಬೆರಳನ್ನು ಅದರ ಅಂಚಿನ ಮೇಲೆ ಎಳೆದ, ಬಟ್ಟೆಯ ಕರೆ ನೋಡುವ ಹಾಗೆ. ಗಂಜಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೂಗಿನ ಹತ್ತಿರ ಹಿಡಿದ. ಅವನ ದೃಷ್ಟಿ ಪೊಟ್ಟಣದಿಂದ ಎದ್ದು, ಮೇಜಿನ ಮೇಲೆ ಹಾದು, ಬೂನ್‌ಕಿಯ ಬೆರಳುಗಳ ಮೇಲೆ ಬಂದು ನಿಂತಿತು. ಉಗುರುಗಳ ಸಂದಿಯಲ್ಲಿ ಬಿಳಿ ಗೆರೆ. ಬೂನ್‌ಕಿ ಬೆರಳು ಮಡಚಿಕೊಂಡ. ಈಗ ಹೇಳುತ್ತಾನೆ, ಎಲ್ಲರೆದುರಿಗೆ ಹೇಳುತ್ತಾನೆ, ಹೇಳಿದರೆ ಎದ್ದು ಅವನ ಕೊರಳುಪಟ್ಟಿ ಹಿಡಿಯಬಹುದು. ಅದಕ್ಕಾಗಿ ಆಸೆಯಿಂದ ಕಾದ.

“ಛೇ, ನಮ್ಮದೇ ತಪ್ಪು ಅಜ್ಜೀ,” ಅಂದ ಕಾಂಗ್‌ಸಾನ್. ದನಿ ಸಣ್ಣದಾಗಿತ್ತು. “ಮಳೆಗಾಲದ ತೇವಕ್ಕೆ ಹಳೇದು ಹೊಸದು ಎಲ್ಲ ಕಲಸಿಹೋಗಿದೆ. ನಾನೇ ವಸಂತದಲ್ಲಿ ಜಾಸ್ತಿ ಹಾಕಿ ಹೋಗಿದ್ದೆ ಅನ್ಸತ್ತೆ. ವಯಸ್ಸಾಯ್ತಲ್ಲ, ಲೆಕ್ಕ ತಪ್ಪತ್ತೆ.” ಒಂಬತ್ತನ್ನೂ ಗೋರಿ ತನ್ನ ಜೇಬಿಗೆ ಹಾಕಿಕೊಂಡು, ಹೊಸ ಹತ್ತು ತೆಗೆದು ಚೀಲದಲ್ಲಿಟ್ಟು, ತಾನೇ ಎದ್ದು ಹೋಗಿ ಮೊಳೆಗೆ ತೂಗಿದ. ಒಂದು ಪ್ರಶ್ನೆ ಕೇಳಲಿಲ್ಲ. ಎಡಗಡೆಯ ಬಗ್ಗೆಯೂ ಕೇಳಲಿಲ್ಲ. ಗಂಜಿ ಕುಡಿಯಲು ನಿಲ್ಲಲಿಲ್ಲ. ಬಾಗಿಲಲ್ಲಿ ಟೋಪಿ ಒತ್ತಿಕೊಳ್ಳುತ್ತಾ ಬೂನ್‌ಕಿಯ ಅಂಗೈಯಲ್ಲಿ ಏನೋ ತುರುಕಿ, ಗಾಳಿಯಲ್ಲಿ ಇವನೊಬ್ಬನಿಗೇ ಕೇಳುವ ಹಾಗೆ ಹೇಳಿದ: “ಯಜಮಾನ್ರೇ, ಇದು ಗಂಡಸರದ್ದು. ನಿದ್ದೆಗೆ. ಇದನ್ನ ಲೆಕ್ಕಕ್ಕೆ ಹಿಡಿಯಲ್ಲ.”

ಸೈಕಲ್ಲು ಓಣಿಯ ತಿರುವಿನಲ್ಲಿ ಮರೆಯಾದ ಮೇಲೂ ಆ ಪೊಟ್ಟಣ ಅಂಗೈಯಲ್ಲೇ ಇತ್ತು. ಎಸೆಯಬೇಕಿತ್ತು, ಆಗಲಿಲ್ಲ. ಅವನನ್ನೂ ಎಣಿಸಿ ಹೋಗಿದ್ದ. ಅವಮಾನ ಮಾಡಿದ್ದರೆ ದ್ವೇಷಿಸಬಹುದಿತ್ತು. ಕಾಂಗ್‌ಸಾನ್ ಅದಕ್ಕೂ ಜಾಗ ಉಳಿಸಿರಲಿಲ್ಲ. ಒಳಗೆ ಅಮ್ಮ ಅಳುವುದೂ ಬೈಯುವುದೂ ಒಂದೇ ದನಿಯಲ್ಲಿ ನಡೆದಿತ್ತು:

“ಬಟ್ಟೆ ಮಾರೋನಿಗೆ ಔಷಧಿ ಏನು ಗೊತ್ತು, ಗೊಡ್ಡು, ಗೊಡ್ಡು,” ಎಂದು, ಯಾರನ್ನು ಎಂದು ಹೇಳದೆ. ಆಮೇಲೆ ಅದೂ ನಿಂತು, ಮಲಗಿದ ಉಸಿರಾಯಿತು.

ಅವನು ಔಷಧಿ ಬೀರುವಿನ ಕೆಳಗಿನ ಖಾನೆ ಎಳೆದು ನಾಡಿದಿಂಬನ್ನು ತೆಗೆದ. ಧೂಳು ಒರೆಸಿದ. ಅಡುಗೆಮನೆಗೆ ಹೋದಾಗ ಚಾಯ್‌ಹೊಂಗ್ ಮೇಜಿನ ಮುಂದೆ ಕೂತಿದ್ದಳು. ಹೊಲಿಗೆ ಪೆಟ್ಟಿಗೆ ತೆರೆದಿತ್ತು, ದಾರದ ಉಂಡೆಗಳ ಕೆಳಗೆ ಬರಿದಾಗಿದ್ದ ಜಾಗದಲ್ಲಿ ಅವಳು ಹೊಸ ಬುಗ್ಗೆಯನ್ನು, ಊದದೆ, ಚಪ್ಪಟೆಯಾಗಿಯೇ ಇಡುತ್ತಿದ್ದಳು. ಬೆಳಗಿನ ಒಂದು ಖಾಲಿ ಕಾಗದವನ್ನು ಅದರ ಮೇಲಿಟ್ಟು ಮುಚ್ಚಳ ಹಾಕಿದಳು. ಅವನು ಎದುರಿಗೆ ಕೂತು ದಿಂಬನ್ನು ಇಬ್ಬರ ನಡುವೆ ಇಟ್ಟ.

“ನಾನು ತುಂಬಿದ್ದು,” ಅಂದ.

“ಗೊತ್ತು.”

“ಕಾಂಗ್‌ಸಾನ್ ಪೊಟ್ಟಣ ಮೂಸಿದಾಗ್ಲಾ?”

“ಬೆಳಿಗ್ಗೆ ಕೈ ಹಾಕಿದಾಗ್ಲೇ. ಒಂದಿದ್ದ ಕಡೆ ಹತ್ತಿತ್ತು. ಓದಕ್ಕೆ ಬರಲ್ಲ ನನಗೆ, ಎಣಿಸಕ್ಕೆ ಬರತ್ತೆ.”

ಎಣಿಸುವವನು ಕಾಂಗ್‌ಸಾನ್ ಒಬ್ಬನೇ ಎಂದು ಅವನು ನಂಬಿದ್ದ. “ಗೊತ್ತಿದ್ದೂ ಬಾಯಿಗೆ ಹಾಕ್ಕೊಂಡ್ಯಾ?”

“ನೀವು ಪರದೆ ಹಿಂದೆ ನಿಂತಿದ್ರಿ.”

“ಆದ್ರೂ ನೋವು ಹೋಯ್ತಲ್ಲ? ನೀನೇ ಹೇಳಿದೆ, ಬೇಗ ಹಿಡೀತು ಅಂತ.” ತನ್ನ ದನಿಯಲ್ಲಿದ್ದ ಆಸೆ ಅವನಿಗೇ ಕೇಳಿಸಿತು.

“ನೋವು ಎಲ್ಲಿಗೂ ಹೋಗಿಲ್ಲ. ಕೆನ್ನೆ ಉಜ್ಜಿಕೊಂಡು ಬಂದೆ. ನೀವು ಅಲ್ಲಿಂದ ಹೋಗ್ಲಿ ಅಂತ ಹಾಗಂದೆ.”

ಹೊರಗೆ ಮರಳು ಗೋಡೆಗೆ ಬಡಿಯುತ್ತಿತ್ತು. ಅವಳ ಎರಡೂ ಕೈಗಳು ಮೇಜಿನ ಮೇಲಿದ್ದವು, ಸಿಂಪಿಯ ಚಿಪ್ಪು ತಾಗಿ ಅಲ್ಲಲ್ಲಿ ಗೀರಿದ್ದವು. ಇಷ್ಟು ಹತ್ತಿರ ಅವುಗಳನ್ನು ನೋಡಿ ಎಷ್ಟು ದಿನವಾಗಿತ್ತು.

“ಆ ಮೂರು ಬಟ್ಟಲು…” ಅಂದ.

“ಕುಸುಬೆ ಹೂವಿನ ಬಣ್ಣ ಯಾವ ಹೆಂಗಸಿಗೆ ಗೊತ್ತಿಲ್ಲ?”

“ಕುಡಿಯೋವಾಗ್ಲೇ ಗೊತ್ತಿತ್ತಾ?”

“ಇದೆ ಅಂತ ನನಗೆ ಗೊತ್ತಿತ್ತು. ನೀವು ಇಲ್ಲ ಅಂದ್ರಿ. ನಾಡಿ ನೋಡಿದವರು ನೀವು.”

ಅವಳು ಅದನ್ನು ಹೇಳಿದ್ದು ಕಾಂಗ್‌ಸಾನ್‌ಗೆ ಎಡಗಡೆ ಎಂದು ಹೇಳಿದ್ದ ಅದೇ ದನಿಯಲ್ಲಿ. ಕೊನೆಗೂ ಆ ದನಿ ಅವನ ಪಾಲಿಗೂ ಬಂದಿತ್ತು. ಬೂನ್‌ಕಿ ದಿಂಬನ್ನು ಅವಳ ಕೈಗಳ ಹತ್ತಿರಕ್ಕೆ, ತಗ್ಗಾದ ಭಾಗ ಅವಳ ಕಡೆ ಬರುವ ಹಾಗೆ, ಒಂದಿಷ್ಟು ತಳ್ಳಿದ. ತನ್ನ ಮೂರು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಉಗುರಿನ ಬಿಳಿ ಹೋಗಲಿಲ್ಲ.

“ಕೈ ಕೊಡು. ಒಂದೇ ಒಂದು ಸಲ. ಎಲ್ಲಿ ನೋವು ಅಂತ ನಾನು ನೋಡ್ತೀನಿ. ಈ ಸಲ ಸರಿಯಾಗಿ ನೋಡ್ತೀನಿ.”

ಚಾಯ್‌ಹೊಂಗ್ ದಿಂಬಿನ ತಗ್ಗನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡಳು.

“ಕೊಡಲ್ಲ,” ಅಂದಳು.